ಖತ್ನಾದ ದಿನ ಮಗುವಿನ ಕೈಗೆ ಮೊಬೈಲ್ ಕೊಡುವ ಮುನ್ನ

ಬೇಸಿಗೆ ರಜೆ ಬಂತೆಂದರೆ ನಮ್ಮ ಎಷ್ಟೋ ಮನೆಗಳಲ್ಲಿ ಖತ್ನಾದ ಮಾತು ಶುರುವಾಗುತ್ತದೆ. ದಿನ ಗೊತ್ತುಮಾಡುತ್ತೇವೆ, ಹೊಸ ಬಟ್ಟೆ ಹೊಲಿಸುತ್ತೇವೆ, ನೆಂಟರಿಗೆಲ್ಲ ಹೇಳುತ್ತೇವೆ. ಆದರೆ ಆ ಹುಡುಗನಿಗೆ ಹೇಳುವುದಿಲ್ಲ. 'ಆಟಿಕೆ ಕೊಡಿಸ್ತೀನಿ ಬಾ' ಎಂದು ಸತ್ತೇಗಾಲದಿಂದ ಕೊಳ್ಳೇಗಾಲಕ್ಕೆ ಕರೆದೊಯ್ದು ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿದರೆ, ಅವನಿಗೆ ನೋವಿನ ಭಯದ ಜೊತೆಗೆ ಅಬ್ಬಾ ಸುಳ್ಳು ಹೇಳಿದರೆಂಬ ದುಃಖವೂ ಸೇರುತ್ತದೆ.

ಹಿಂದೆ ಖತ್ನಾ ಮಾಡುವವರು 'ಅಗೋ, ಚಿನ್ನದ ಹಕ್ಕಿ ನೋಡು' ಎಂದು ಮಗುವಿನ ಗಮನ ಬೇರೆಡೆ ಸೆಳೆಯುತ್ತಿದ್ದರು. ಇಂದು ಆ ಹಕ್ಕಿಯ ಜಾಗಕ್ಕೆ ಮೊಬೈಲ್ ಬಂದಿದೆ. ಗಮನ ಬೇರೆಡೆ ಇದ್ದಾಗ ಭಯ ತಗ್ಗುವುದು ನಿಜ. 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು 4ರಿಂದ 12 ವರ್ಷದ ಮಕ್ಕಳನ್ನು ಗಮನಿಸಿತು. ಅರಿವಳಿಕೆ ಕೊಡುವಾಗ ತಂದೆತಾಯಿಯ ಜೊತೆಗೆ ಕೈಯಲ್ಲೊಂದು ವಿಡಿಯೋ ಗೇಮ್ ಕೂಡ ಇದ್ದ ಮಕ್ಕಳಲ್ಲಿ, ತಂದೆತಾಯಿ ಮಾತ್ರ ಜೊತೆಗಿದ್ದ ಮಕ್ಕಳಿಗಿಂತ ಆತಂಕ ಕಡಿಮೆಯಿತ್ತು.

ಯುನಾನಿ ವೈದ್ಯಶಾಸ್ತ್ರವು ಆರೋಗ್ಯಕ್ಕೆ ಅಗತ್ಯವಾದ ಆರು ಸಂಗತಿಗಳಲ್ಲಿ ಮನಸ್ಸಿನ ಚಲನೆ ಮತ್ತು ವಿಶ್ರಾಂತಿಯನ್ನೂ ಎಣಿಸಿದೆ. ಹೆದರಿದ ಮಗುವಿನ ನಾಡಿ ವೇಗವಾಗುತ್ತದೆ, ಮೈ ಬಿಗಿಯಾಗುತ್ತದೆ, ಸಣ್ಣ ನೋವೂ ದೊಡ್ಡದಾಗಿ ಕಾಣುತ್ತದೆ.

ಹಾಗಾದರೆ ಏನು ಮಾಡಬೇಕು?

ಎರಡು ಮೂರು ದಿನ ಮೊದಲೇ ನಿಜ ಹೇಳಿ. 'ಸ್ವಲ್ಪವೂ ನೋವಾಗಲ್ಲ' ಎನ್ನಬೇಡಿ. 'ಮೊದಲು ಸೂಜಿ ಚುಚ್ಚಿದಂತಾಗುತ್ತದೆ, ಆಮೇಲೆ ಮರಗಟ್ಟುತ್ತದೆ, ನಾನು ಹತ್ತಿರವೇ ಇರುತ್ತೇನೆ' ಎನ್ನಿ. ನಿಮ್ಮನ್ನು ಒಳಗೆ ಬಿಡುತ್ತಾರೆಯೇ, ಎಂಥ ಅರಿವಳಿಕೆ ಕೊಡುತ್ತಾರೆ ಎಂಬುದನ್ನು ವೈದ್ಯರಲ್ಲಿ ಮೊದಲೇ ಕೇಳಿಕೊಂಡು ಹೇಳಿ. ಲಸಿಕೆಯ ನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯಲ್ಲೂ ಮಕ್ಕಳಿಗೆ ಸುಳ್ಳು ಭರವಸೆ ಕೊಡಬಾರದೆಂದಿದೆ. ಏನೋ ಕೊಡುತ್ತೇನೆಂದು ಮಗುವನ್ನು ಕರೆದು ಕೊಡದಿದ್ದರೆ ಅದೂ ಸುಳ್ಳೆಂದೇ ಬರೆಯಲ್ಪಡುತ್ತದೆ ಎಂದು ಪ್ರವಾದಿಯವರು(ಸ) ಒಬ್ಬ ತಾಯಿಗೆ ಎಚ್ಚರಿಸಿದ್ದು ನಿಮಗೆ ಗೊತ್ತೇ ಇದೆ.

ಆಸ್ಪತ್ರೆಯನ್ನು ಮೊಬೈಲಿನಲ್ಲೇ ಪರಿಚಯಿಸಿ. ಮೆಲ್ಬರ್ನಿನ ರಾಯಲ್ ಚಿಲ್ಡ್ರನ್ಸ್ ಆಸ್ಪತ್ರೆ ಎಕ್ಸ್‌ರೇ, ಸ್ಕ್ಯಾನಿಂಗ್‌ಗೆ ಬರುವ ಮಕ್ಕಳಿಗಾಗಿ 'ಓಕೀ' ಎಂಬ ಆ್ಯಪ್ ಮಾಡಿಸಿತ್ತು. ನೀವು ಅದನ್ನು ಹುಡುಕಬೇಕಿಲ್ಲ. ವೈದ್ಯರನ್ನು ಕಾಣಲು ಹೋದಾಗ ಅನುಮತಿ ಪಡೆದು ಗೇಟು, ಮಂಚ, ಕಾಯುವ ಬೆಂಚಿನ ಫೋಟೋ ತೆಗೆಯಿರಿ. ಮನೆಯಲ್ಲಿ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದೊಂದಾಗಿ ತೋರಿಸಿ. ಶಸ್ತ್ರಚಿಕಿತ್ಸೆಯ ರಕ್ತ ಕಾಣುವ ವಿಡಿಯೋ ಮಾತ್ರ ಬೇಡ.

ಆ ದಿನ ಅವನಿಗೆ ಇಷ್ಟವಾದ ಆಟ ಅಥವಾ ಕಾರ್ಟೂನನ್ನು ಅವನೇ ಆರಿಸಲಿ. ಒಳಗೆ ನೆಟ್‌ವರ್ಕ್ ಸಿಗದಿರಬಹುದು, ಮೊದಲೇ ಡೌನ್‌ಲೋಡ್ ಮಾಡಿ, ಚಾರ್ಜ್ ತುಂಬಿಸಿ. ಸೂಜಿ ಬರುವ ಕೆಲವು ನಿಮಿಷ ಮೊದಲು ಕೈಗೆ ಕೊಡಿ. ಬೆಳಗಿನಿಂದಲೇ ಕೊಟ್ಟರೆ ಬೇಕಾದ ಹೊತ್ತಿಗೆ ಬೇಸರ ಬಂದಿರುತ್ತದೆ. ಅವನು ನೋಡಲು ಒಪ್ಪದೆ ನಿಮ್ಮ ಕೈ ಹಿಡಿದರೆ, ಮೊಬೈಲ್ ಬದಿಗಿಟ್ಟು ಕೈ ಹಿಡಿದುಕೊಳ್ಳಿ.

ಎದೆಹಾಲು ಕುಡಿಯುವ ಕೂಸಿಗೆ ಮೊಬೈಲ್ ಬೇಡವೇ ಬೇಡ. ಲಸಿಕೆ ಹಾಕಿಸುವಾಗ ಅಮ್ಮಿಯ ಮಡಿಲು, ಎದೆಹಾಲೇ ಅದಕ್ಕೆ ಸಮಾಧಾನ.

ಎರಡು ಎಚ್ಚರಿಕೆಗಳು. ಪೂರ್ತಿ ಪ್ರಜ್ಞೆ ತಪ್ಪಿಸುವ ಅರಿವಳಿಕೆಯಿದ್ದರೆ ಸಾಮಾನ್ಯವಾಗಿ 6 ಗಂಟೆ ಮೊದಲು ಊಟ, 2 ಗಂಟೆ ಮೊದಲು ನೀರು ನಿಲ್ಲಿಸಬೇಕಾಗುತ್ತದೆ. ಸರಿಯಾದ ಸಮಯವನ್ನು ವೈದ್ಯರೇ ಹೇಳುತ್ತಾರೆ. ಅಳುತ್ತಾನೆಂದು ದಾದಿಯೋ ನಾನಿಯೋ ಗುಟ್ಟಾಗಿ ಬಿಸ್ಕತ್ತು ತಿನ್ನಿಸಿದರೆ ಅದು ಶ್ವಾಸಕೋಶಕ್ಕೆ ಇಳಿದು ಪ್ರಾಣಕ್ಕೇ ಅಪಾಯ. ಇನ್ನು, ಮಗು ಸುಮ್ಮನಿರಲೆಂದು ನಿದ್ದೆಯ ಸಿರಪ್ಪನ್ನಾಗಲಿ, ನಮ್ಮ ಯುನಾನಿ ಔಷಧಿಯನ್ನಾಗಲಿ ಆಸ್ಪತ್ರೆಯ ವೈದ್ಯರನ್ನು ಕೇಳದೆ ಕೊಡಬೇಡಿ.

ಆಟಿಕೆ ಕೊಡಿಸುತ್ತೇನೆಂದು ಮಾತು ಕೊಟ್ಟಿದ್ದರೆ ಮನೆಗೆ ಮರಳುವಾಗ ತಪ್ಪದೆ ಕೊಡಿಸಿ. ಮುಂದೊಂದು ದಿನ ಅವನಿಗೆ ಸೂಜಿಯೋ ಹೊಲಿಗೆಯೋ ಬೇಕಾದಾಗ, ನಿಮ್ಮ ಮಾತನ್ನು ನಂಬಿ ಅವನು ಧೈರ್ಯದಿಂದ ಬರುತ್ತಾನೆ.