ಪಾಲು ಕೊಡಿ, ಆದರೆ ಲಾಭದಲ್ಲಿ ಬೇಡ

ಸಣ್ಣ ಉದ್ದಿಮೆಗಳ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸ ನನಗೆ ಕಲಿಸಿದ ಪಾಠಗಳಲ್ಲಿ ಇದನ್ನು ಎಲ್ಲಕ್ಕಿಂತ ಮೊದಲು ಹೇಳುತ್ತೇನೆ: ಹೊರಗಿನಿಂದ ಕೆಲಸ ಮಾಡಿಕೊಡುವವರಿಗೆ ಲಾಭದಲ್ಲಿ ಪಾಲು ಕೊಡುತ್ತೇನೆಂದು ಮಾತು ಕೊಡಬಾರದು. ವೆಬ್‌ಸೈಟ್ ಕಟ್ಟಿಕೊಡುವವರು, ಇನ್‌ಸ್ಟಾಗ್ರಾಂ ಜಾಹೀರಾತು ನೋಡಿಕೊಳ್ಳುವವರು, ಹೊಸ ಊರುಗಳಲ್ಲಿ ಅಂಗಡಿ ಹಿಡಿದುಕೊಡುವ ಏಜೆಂಟರು, ಇವರಿಗೆಲ್ಲ ಕೊಡಲು ಶುರುವಿನಲ್ಲಿ ಮಾಲೀಕರ ಕೈಯಲ್ಲಿ ದುಡ್ಡಿರುವುದಿಲ್ಲ. ‘ಈಗ ಏನೂ ಬೇಡ ಸಾರ್, ಲಾಭ ಬಂದಮೇಲೆ ನೂರಕ್ಕೆ ಹತ್ತು ಕೊಡಿ’ ಎಂಬ ಮಾತು ಆಗ ಇಬ್ಬರಿಗೂ ಹಿತವಾಗಿರುತ್ತದೆ. ಯಾರ ಮನಸ್ಸಿನಲ್ಲೂ ಮೋಸ ಇರುವುದಿಲ್ಲ. ಆದರೂ ವರ್ಷ ಕಳೆಯುವಷ್ಟರಲ್ಲಿ ಮನಸ್ತಾಪ ಹುಟ್ಟುತ್ತದೆ, ಏಕೆಂದರೆ ಲಾಭ ಎಷ್ಟೆಂಬುದನ್ನು ಇಬ್ಬರೂ ಬೇರೆ ಬೇರೆ ರೀತಿ ಎಣಿಸಿರುತ್ತಾರೆ.

ಗಂಡ ಹೆಂಡತಿ ಸೇರಿ ಮನೆಯಲ್ಲೇ ನಡೆಸುವ ಒಂದು ಚಟ್ನಿಪುಡಿ ಘಟಕ ಇದೆ ಎಂದಿಟ್ಟುಕೊಳ್ಳಿ. ತಿಂಗಳ ವ್ಯಾಪಾರ 3 ಲಕ್ಷ ರೂಪಾಯಿ. ಮೆಣಸಿನಕಾಯಿ, ಕೊಬ್ಬರಿ, ಬೇಳೆ, ಎಣ್ಣೆಗೆ 1.5 ಲಕ್ಷ, ಪ್ಯಾಕಿಂಗ್ ಮತ್ತು ಕೊರಿಯರ್‌ಗೆ 45,000, ಕೂಲಿ 30,000, ಗ್ಯಾಸು, ಕರೆಂಟು, ಇತರೆ ಸೇರಿ 15,000. ಉಳಿದದ್ದು 60,000. ಜಾಹೀರಾತು ನೋಡಿಕೊಳ್ಳುವವರು ತಮ್ಮ ಪಾಲು 6,000 ಎಂದುಕೊಳ್ಳುತ್ತಾರೆ. ಆದರೆ ಬೆಳಗಿನಿಂದ ರಾತ್ರಿವರೆಗೆ ಹುರಿದು, ಕುಟ್ಟಿ, ಪ್ಯಾಕ್ ಮಾಡುವ ಆ ದಂಪತಿಯ ದುಡಿಮೆಗೆ ಸಂಬಳ ಬೇಡವೇ? ಅದಕ್ಕೆ 40,000, ಮನೆಯ ಜಾಗಕ್ಕೆ ಬಾಡಿಗೆ ಎಂದು 10,000 ಹಿಡಿದರೆ ಲಾಭ 10,000ಕ್ಕೆ ಇಳಿಯುತ್ತದೆ, ಪಾಲು ಬರೀ 1,000. ಅದೇ ತಿಂಗಳು 90,000 ಕೊಟ್ಟು ಪುಡಿ ಮಾಡುವ ಯಂತ್ರ ತಂದಿದ್ದರೆ, ಕೈಯಿಂದ ಹೋದ ಹಣದ ಲೆಕ್ಕದಲ್ಲಿ ಆ ತಿಂಗಳು ನಷ್ಟ. ವರ್ಷಕ್ಕೆ ಶೇ 15ರಂತೆ ಸವಕಳಿ ಹಾಕಿದರೆ ತಿಂಗಳಿಗೆ ಸಾವಿರ ಚಿಲ್ಲರೆ ಖರ್ಚು ಮಾತ್ರ. ಬ್ಯಾಡಗಿ ಮಾರುಕಟ್ಟೆಗೆ ಹೊಸ ಮೆಣಸಿನಕಾಯಿ ಬರುವ ಕಾಲದಲ್ಲಿ ವರ್ಷಕ್ಕಾಗುವಷ್ಟು ಮಾಲು ಕೊಂಡಿಟ್ಟುಕೊಂಡರಂತೂ ಆ ತಿಂಗಳ ಲೆಕ್ಕ ಪೂರ್ತಿ ಬುಡಮೇಲು. ಇವುಗಳಲ್ಲಿ ಯಾವ ಲೆಕ್ಕವೂ ಸುಳ್ಳಲ್ಲ. ಎಲ್ಲವಕ್ಕೂ ಸಮರ್ಥನೆ ಇದೆ, ಅದೇ ತೊಂದರೆ.

ಇದರ ಮೇಲೆ ತೆರಿಗೆಯ ಲೆಕ್ಕ ಬೇರೆ ಇದೆ. ಎರಡು ಕೋಟಿಯವರೆಗಿನ ವಹಿವಾಟಿನ ಸಣ್ಣ ವ್ಯಾಪಾರಿಗಳು ಅಂದಾಜು ಲಾಭದ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟಬಹುದು. ನಗದಿನ ವ್ಯಾಪಾರಕ್ಕೆ ಕನಿಷ್ಠ ಶೇ 8, ಬ್ಯಾಂಕಿನ ಮೂಲಕ ಬಂದದ್ದಕ್ಕೆ ಕನಿಷ್ಠ ಶೇ 6 ಲಾಭ ಎಂದು ಹಿಡಿಯುವ ಪದ್ಧತಿ ಇದು. ಹೀಗೆ ಕಟ್ಟುವವರು ಖರ್ಚಿನ ಪುಸ್ತಕ ಇಡಬೇಕಾಗಿಲ್ಲ, ಬಹಳಷ್ಟು ಜನ ಇಡುವುದೂ ಇಲ್ಲ. ನಮ್ಮ ಚಟ್ನಿಪುಡಿ ಘಟಕದ ವರ್ಷದ ವ್ಯಾಪಾರ 36 ಲಕ್ಷ. ಎಲ್ಲ ಯುಪಿಐನಲ್ಲೇ ಬಂದಿದ್ದರೆ ಶೇ 6ರ ಲೆಕ್ಕಕ್ಕೆ 2.16 ಲಕ್ಷ. ಮನೆಯ ಡೈರಿಯ ಲಾಭ ಒಂದು, ರಿಟರ್ನ್‌ನ ಲಾಭ ಇನ್ನೊಂದು. ಯಾರೂ ಕೂತು ಲೆಕ್ಕ ಹಾಕದ ಲಾಭವನ್ನು ಹಂಚುವುದಾದರೂ ಹೇಗೆ?

ಹಾಗಾದರೆ ಪಾಲಿನ ಪದ್ಧತಿಯೇ ತಪ್ಪೇ ಎಂದರೆ ಅದು ಸರಿಯಲ್ಲ. ನಮ್ಮಲ್ಲಿ ಪಾಲು ಹಳೆಯದು, ನಡೆದು ಬಂದಿರುವಂಥದ್ದು. ಮಲ್ಪೆ, ಮಂಗಳೂರಿನ ದಕ್ಕೆಯನ್ನೇ ನೋಡಿ. ಬೋಟು ಬಂದ ಕೂಡಲೇ ಮೀನು ಎಲ್ಲರ ಕಣ್ಣೆದುರೇ ಏಲಂ ಆಗುತ್ತದೆ. ಡೀಸೆಲ್, ಐಸ್, ರೇಷನ್ ಖರ್ಚು ಕಳೆದು ಉಳಿದದ್ದರಲ್ಲಿ ಬೋಟಿನ ಮಾಲೀಕರಿಗಿಷ್ಟು, ದುಡಿದವರಿಗಿಷ್ಟು ಎಂದು ಪಾಲಾಗುತ್ತದೆ. ಕಳೆಯುವ ಬಾಬತ್ತುಗಳು ಬೆರಳೆಣಿಕೆಯಷ್ಟು, ಡೀಸೆಲ್ ಎಷ್ಟು ಲೀಟರ್ ಹಾಕಿದರೆಂಬುದು ಬೋಟಿನಲ್ಲಿದ್ದವರಿಗೆಲ್ಲ ಗೊತ್ತು. ಉತ್ತರ ಕರ್ನಾಟಕದಲ್ಲಿ ಹೊಲವನ್ನು ಕೋರಿಗೆ ಹಾಕಿದಾಗಲೂ ಹಂಚಿಕೆಯಾಗುವುದು ರಾಶಿ, ಅದೂ ಇಬ್ಬರ ಎದುರಿಗೆ. ಎರಡೂ ಕಡೆ ಪಾಲು ನಿಲ್ಲುವುದು ಇಬ್ಬರೂ ನೋಡಬಲ್ಲ, ಅಳೆಯಬಲ್ಲ ವಸ್ತುವಿನ ಮೇಲೆ. ಸಣ್ಣ ಉದ್ದಿಮೆಯಲ್ಲಿ ಹಾಗೆ ಕಾಣುವಂಥದ್ದು ಮಾರಾಟ. ವೆಬ್‌ಸೈಟಿನ ಮೂಲಕ ಬಂದ ಆರ್ಡರ್‌ಗಳು ತಿಂಗಳಿಗೆ 80,000 ಆಗಿದ್ದರೆ ಅದರಲ್ಲಿ ಶೇ 5, ಅಂದರೆ 4,000 ಎಂದು ಬರೆದುಕೊಂಡರೆ ಮಾಲೀಕರ ಸಂಬಳ, ಯಂತ್ರ, ಮೆಣಸಿನಕಾಯಿ ದಾಸ್ತಾನು ಯಾವುದರ ಚರ್ಚೆಯೂ ಬೇಕಾಗಿಲ್ಲ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ತೂಕದ್ದು ಒಂದಿದೆ. ಮಾರಾಟದ ಮೇಲೆ ಪಾಲು ಕೊಟ್ಟರೆ ಅವರು ರಿಯಾಯಿತಿ ಸುರಿದು ಮಾರಾಟ ಏರಿಸುತ್ತಾರೆ, ಲಾಭ ಮಾತ್ರ ಕರಗುತ್ತದೆ ಎನ್ನುತ್ತಾರೆ. ಮಾತು ನಿಜ. ಆದ್ದರಿಂದಲೇ ದರ ಇಳಿಸುವ ಅಧಿಕಾರ ಮಾಲೀಕರ ಕೈಯಲ್ಲೇ ಉಳಿಯಬೇಕು. ರಿಯಾಯಿತಿ, ಜಿಎಸ್‌ಟಿ, ಕೊರಿಯರ್ ಹಣ ಮತ್ತು ವಾಪಸ್ ಬಂದ ಪಾರ್ಸೆಲ್‌ಗಳನ್ನು ಕಳೆದ ಮೊತ್ತದ ಮೇಲೆ ಪಾಲು ಇರಬೇಕು. ಲಾಭದಲ್ಲಿ ಪಾಲಿದ್ದರೆ ತಮ್ಮದೇ ವ್ಯಾಪಾರ ಎಂಬಂತೆ ದುಡಿಯುತ್ತಾರೆ ಎಂಬ ನಂಬಿಕೆಯೂ ಉಂಟು. ಆದರೆ ಮೆಣಸಿನಕಾಯಿ ದರ ಏರುವುದು, ಮಾಲೀಕರು ದುಬಾರಿ ಡಬ್ಬಿ ಆರಿಸಿಕೊಳ್ಳುವುದು, ಇವು ಜಾಹೀರಾತು ಮಾಡುವವರ ಕೈಯಲ್ಲಿಲ್ಲ. ತಾವು ಮಾಡದ ತೀರ್ಮಾನಕ್ಕೆ ಅವರ ಸಂಭಾವನೆ ಕಡಿತವಾಗುವುದು ಅನ್ಯಾಯ. ಇನ್ನು ಕೈಯಲ್ಲಿ ದುಡ್ಡೇ ಇಲ್ಲ ಎಂಬ ಮಾತು. ಹಾಗಿದ್ದರೆ ಅವರ ದುಡಿಮೆಯನ್ನು ನೀವು ಸಾಲವಾಗಿ ಪಡೆಯುತ್ತಿದ್ದೀರಿ, ಅದನ್ನು ಸಾಲದಂತೆಯೇ ಬರೆದಿಡಿ. ಕೆಲಸದ ಬೆಲೆ 60,000 ಆಗಿದ್ದರೆ 15,000 ಮುಂಗಡ ಕೊಟ್ಟು, ಉಳಿದದ್ದನ್ನು ಮಾರಾಟದ ಪಾಲಿನಿಂದ ತೀರಿಸುತ್ತಾ ಹೋಗಿ, ಒಟ್ಟು 80,000 ಆದಾಗ ನಿಲ್ಲಿಸಬಹುದು. ಹೆಚ್ಚಿನ 20,000 ಅವರು ಕಾದದ್ದಕ್ಕೆ, ವ್ಯಾಪಾರ ಕೈಕೊಡಬಹುದೆಂಬ ಅಪಾಯ ಹೊತ್ತದ್ದಕ್ಕೆ. ಕೊನೆಯಿಲ್ಲದ ಪಾಲು ಯಾವತ್ತೂ ಬೇಡ: ಮೂರನೇ ವರ್ಷದಲ್ಲಿ ಕೆಲಸ ಮುಗಿದ ವೆಬ್‌ಸೈಟಿಗೆ ಹಣ ಕಟ್ಟುವಾಗ ಮಾಲೀಕರಿಗೆ ಅದು ದಂಡದಂತೆ ಕಾಣತೊಡಗುತ್ತದೆ.

ಕಾನೂನಿನ ಕಡೆಯಿಂದಲೂ ಒಂದು ಎಚ್ಚರಿಕೆ. 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 4ನೇ ಸೆಕ್ಷನ್, ಲಾಭ ಹಂಚಿಕೊಳ್ಳುವ ಒಪ್ಪಂದವನ್ನು ಪಾಲುದಾರಿಕೆಯ ಲಕ್ಷಣವಾಗಿ ಹೇಳುತ್ತದೆ. ನೌಕರನಿಗೋ ಏಜೆಂಟನಿಗೋ ಸಂಭಾವನೆಯಾಗಿ ಲಾಭದ ಪಾಲು ಕೊಟ್ಟ ಮಾತ್ರಕ್ಕೆ ಆತ ಪಾಲುದಾರನಾಗುವುದಿಲ್ಲ ಎಂದು 6ನೇ ಸೆಕ್ಷನ್ ಸ್ಪಷ್ಟಪಡಿಸಿದೆ, ನಿಜ. ಆದರೆ ನಿಜವಾದ ಸಂಬಂಧ ಏನೆಂಬುದನ್ನು ಎಲ್ಲ ಸಂಗತಿಗಳನ್ನೂ ನೋಡಿ ತೀರ್ಮಾನಿಸಬೇಕೆಂದೂ ಅದೇ ಸೆಕ್ಷನ್ ಹೇಳುತ್ತದೆ. ಬಾಯಿಮಾತಿನಲ್ಲಿ ‘ನೀವೂ ನಮ್ಮ ಪಾರ್ಟ್ನರ್ ಇದ್ದ ಹಾಗೆ’ ಎಂದು ಎಲ್ಲರೆದುರು ಹೇಳಿಕೊಂಡು ಓಡಾಡಿದರೆ ಬಿಕ್ಕಟ್ಟಿನ ದಿನ ಅದು ಇಬ್ಬರಿಗೂ ತಿರುಗುಬಾಣ. ಪಾಲುದಾರ ಎಂದಾದರೆ 25ನೇ ಸೆಕ್ಷನ್ ಪ್ರಕಾರ ಸಂಸ್ಥೆಯ ಸಾಲಕ್ಕೆ ಆತನೂ ಹೊಣೆ. ಕೊಬ್ಬರಿ ಮಂಡಿಯ ಬಾಕಿ ವೆಬ್‌ಸೈಟ್ ಕಟ್ಟಿದವರ ತಲೆಗೆ ಬರುವುದು ಯಾರಿಗೂ ಬೇಡ.

ಈಗಾಗಲೇ ಲಾಭದ ಪಾಲಿನ ಮಾತು ಕೊಟ್ಟಿರುವವರು ಮಾರ್ಚ್ 31ರ ಲೆಕ್ಕ ಬರುವವರೆಗೆ ಕಾಯದೆ, ವ್ಯಾಪಾರ ಚೆನ್ನಾಗಿ ನಡೆಯುತ್ತಿರುವಾಗಲೇ ಎದುರುಬದುರು ಕೂತು ಅದನ್ನು ಮಾರಾಟದ ಪಾಲಿಗೆ ಬದಲಿಸಿಕೊಳ್ಳಿ. ಯಾವ ಮಾರಾಟ, ಶೇಕಡ ಎಷ್ಟು, ಏನೇನು ಕಳೆಯಬೇಕು, ಯಾವ ಮೊತ್ತಕ್ಕೆ ಅಥವಾ ಯಾವ ದಿನಾಂಕಕ್ಕೆ ಮುಗಿಯಬೇಕು ಎಂಬುದನ್ನು ಒಂದು ಪುಟದಲ್ಲಿ ಬರೆಯಿರಿ. ಇದು ಕೆಲಸದ ಸಂಭಾವನೆ, ಪಾಲುದಾರಿಕೆಯಲ್ಲ ಎಂಬ ಸಾಲು ಸೇರಿಸಿ, ಇಬ್ಬರೂ ಸಹಿ ಹಾಕಿ, ಒಂದೊಂದು ಪ್ರತಿ ಇಟ್ಟುಕೊಳ್ಳಿ.