ಹನಗೋಡಿನ ಕ್ಯಾಸೆಟ್ ಮತ್ತು 51.5 ಹರ್ಟ್ಸ್

ನಮ್ಮ ಬಳಗದ ವಾಟ್ಸಾಪ್ ಗುಂಪಿನಲ್ಲಿ ವಾರಕ್ಕೆ ಎರಡಾದರೂ ಹೊಸ ಕನ್ನಡ ಇಂಡಿ ಹಾಡಿನ ಲಿಂಕ್ ಬೀಳುತ್ತೆ. ಸಿನಿಮಾ ಇಲ್ಲ, ಹೀರೋ ಇಲ್ಲ. ಯಾರೋ ರೂಮಿನಲ್ಲಿ ಲ್ಯಾಪ್‌ಟಾಪ್, ಮೈಕ್ ಇಟ್ಟುಕೊಂಡು ತಮ್ಮದೇ ಹಾಡು ಮಾಡಿರುತ್ತಾರೆ. ಇದೆಲ್ಲ ನಮ್ಮ ಕಾಲದ್ದೇ ಅಂತ ನಾವು ಅಂದುಕೊಂಡಿದ್ದೆವು. ಕಳೆದ ದಸರಾ ರಜೆಯಲ್ಲಿ ಹನಗೋಡಿನಲ್ಲಿ ಸಿಕ್ಕ ಒಂದು ಕ್ಯಾಸೆಟ್ ಆ ಜಂಬ ಇಳಿಸಿತು. ಮರೆತುಹೋದ ಬ್ಯಾಂಡೊಂದನ್ನು ಮತ್ತೆ ಕೇಳೋದು ಹೇಗೆ ಅಂತ ಅದರಿಂದ ಕಲಿತ ಪಾಠ ಇದು.

ಮೊದಲು ಸ್ವಲ್ಪ ಹಿನ್ನೆಲೆ

ಇಂಡಿ ಅಂದರೆ ಇಂಡಿಪೆಂಡೆಂಟ್. ಸಿನಿಮಾದ ಹಂಗಿಲ್ಲದೆ ತಂಡವೇ ಹಾಡು ಕಟ್ಟಿ ಹೊರತರುವುದು. ನಮ್ಮ ಮೈಸೂರು ಸೀಮೆಯ ದೊಡ್ಡ ಉದಾಹರಣೆ ರಘು ದೀಕ್ಷಿತ್. 2008ರ ಅವರ ಆಲ್ಬಂನಲ್ಲಿ ಶಿಶುನಾಳ ಷರೀಫರ ಪದಗಳು ಗಿಟಾರ್ ಜೊತೆ ಬಂದವು. ಮರುವರ್ಷ ಅವರ ತಮ್ಮ ವಾಸು ದೀಕ್ಷಿತ್ ಹಾಡುವ 'ಸ್ವರಾತ್ಮ' ತಂಡದ ಮೊದಲ ಆಲ್ಬಂ ಬಂತು.

ಆದರೆ ರಘು ಅವರ ಮೊದಲ ತಂಡ ಯಾವುದು ಅಂತ ನಮ್ಮ ಗುಂಪಿನಲ್ಲಿ ಕೇಳಿದಾಗ ಒಬ್ಬರೂ ಉತ್ತರ ಕೊಡಲಿಲ್ಲ. ಅದು 'ಅಂತರಾಗ್ನಿ'. ವಯೊಲಿನ್ ವಾದಕ ಎಚ್.ಎನ್. ಭಾಸ್ಕರ್ ಅದರಲ್ಲಿದ್ದರು. ಈಗ ಆ ಹೆಸರು ಹಾಕಿ ಹುಡುಕಿದರೆ ಐಐಟಿ ಕಾನ್ಪುರದ ಕಾಲೇಜು ಹಬ್ಬವೇ ಮೊದಲು ಬರುತ್ತೆ! ಮುಂದೆ ಹೆಸರು ಮಾಡಿದವರ ಹಳೇ ತಂಡದ ಗತಿಯೇ ಹೀಗಾದರೆ, ಹೆಸರು ಮಾಡದವರ ಕತೆ ಏನು?

ಹೆಸರಿದ್ದರೆ ಸಿಗುತ್ತಾರೆ

ಮರೆತವರು ಮತ್ತೆ ಸಿಕ್ಕಿದ್ದೂ ಉಂಟು. ಮುಂಬೈನ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಸಿಂಥಸೈಜರ್‌ನಲ್ಲಿ ನುಡಿಸಿ ಒಂದು ಎಲ್‌ಪಿ ತಂದರು. ಯಾರೂ ಕೇಳಲಿಲ್ಲ. 2002ರಲ್ಲಿ ಎಡೊ ಬೌಮನ್ ಅನ್ನುವ ಡಚ್ ಸಂಗ್ರಾಹಕರಿಗೆ ದಿಲ್ಲಿಯಲ್ಲಿ ಅದರ ಪ್ರತಿ ಸಿಕ್ಕಿತು. 2010ರಲ್ಲಿ ಮರುಬಿಡುಗಡೆಯಾದಾಗ ಜಗತ್ತಿನ ಡಾನ್ಸ್ ಮ್ಯೂಸಿಕ್ ಮಂದಿ ಬೆರಗಾದರು. ಬಂಗಾಳದ 'ಮೊಹೀನೇರ್ ಘೋಡಾಗುಲಿ' ತಂಡವೂ ಹಾಗೆಯೇ. 1977ರಿಂದ 79ರವರೆಗೆ ಮೂರು ರೆಕಾರ್ಡ್ ತಂದು ಚದುರಿತು. 1995ರ ಒಂದು ಸಂಕಲನದಿಂದ ಹೊಸ ತಲೆಮಾರಿಗೆ ಗೊತ್ತಾಯಿತು.

ಎರಡೂ ಕಡೆ ರೆಕಾರ್ಡಿನ ಹೊದಿಕೆ ಮೇಲೆ ಹೆಸರಿತ್ತು ಅನ್ನೋದನ್ನು ಗಮನಿಸಿ. ನಮಗೆ ಸಿಕ್ಕ ಕ್ಯಾಸೆಟ್ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದಿದ್ದು ಇಷ್ಟೇ: 'ಗಣೇಶ ಹಬ್ಬ 95, ಸ್ವಂತ ಹಾಡು'.

ಅಟ್ಟದ ಮೇಲಿನ ಆರ್ಕೆಸ್ಟ್ರಾ

ನಮ್ಮಲ್ಲೊಬ್ಬನ ಊರು ಹುಣಸೂರು ತಾಲ್ಲೂಕಿನ ಹನಗೋಡು. ಲಕ್ಷ್ಮಣತೀರ್ಥ ಹೊಳೆ, ಹೊಗೆಸೊಪ್ಪಿನ ಹೊಲ, ಆಚೆಗೆ ನಾಗರಹೊಳೆ ಕಾಡು. ಅವನ ದೊಡ್ಡಪ್ಪನ ಮನೆ ಅಟ್ಟದಲ್ಲಿ ಈ ಕ್ಯಾಸೆಟ್ ಇತ್ತು. ಹಬ್ಬಕ್ಕೆ ಸಿನಿಮಾ ಹಾಡು ಹಾಡ್ತಿದ್ದ ನಾಲ್ಕು ಜನರ ಆರ್ಕೆಸ್ಟ್ರಾ, ಒಂದು ಸಂಜೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ತಮ್ಮದೇ ಐದು ಹಾಡು ರೆಕಾರ್ಡ್ ಮಾಡಿದ್ದರಂತೆ. ಹಾರ್ಮೋನಿಯಂ, ತಬಲ, ಒಂದು ಸಣ್ಣ ಕೀಬೋರ್ಡ್. ಒಂದು ಹಾಡು ರಾತ್ರಿಯೆಲ್ಲ ನಿದ್ದೆಗೆಟ್ಟು ಹೊಗೆಸೊಪ್ಪಿನ ಬ್ಯಾರನ್ನಿಗೆ ಸೌದೆ ಹಾಕುವವನ ಮೇಲಿದೆ. ಇದು ಇಂಡಿ ಅಲ್ಲದೆ ಇನ್ನೇನು?

ಹೆಡ್ ಒರೆಸಿ, ಡೆಕ್ ಅನ್ನು ಲ್ಯಾಪ್‌ಟಾಪಿಗೆ ಜೋಡಿಸಿ ಡಿಜಿಟಲ್ ಮಾಡಿದೆವು. ಹಾಡಿದವರು ಈಗಿಲ್ಲ. ಹುಣಸೂರಿನಲ್ಲಿರುವ ಅವರ ಮಗಳಿಗೆ ಕೇಳಿಸಿದೆವು. ಖುಷಿಪಡ್ತಾರೆ ಅಂದುಕೊಂಡರೆ ಅಕ್ಕ ಅರ್ಧಕ್ಕೇ ನಿಲ್ಲಿಸಿ ಅಂದರು. "ಇದು ನಮ್ಮಪ್ಪನ ದನಿ ಅಲ್ಲ ಕಣ್ರಪ್ಪ. ಅಪ್ಪ ಇಷ್ಟು ಕೀರಲಾಗಿ ಹಾಡ್ತಾ ಇರ್ನಿಲ್ಲ."

ಲೆಕ್ಕಕ್ಕೆ ಬರೋಣ

ಕ್ಯಾಸೆಟ್ ಟೇಪ್ ಸೆಕೆಂಡಿಗೆ 4.76 ಸೆಂ.ಮೀ. ಓಡಬೇಕು. ಅಂದರೆ ಅರ್ಧ ಗಂಟೆಗೆ ಸುಮಾರು 86 ಮೀಟರ್. ರೆಕಾರ್ಡ್ ಮಾಡುವಾಗ ನಿಧಾನವಾಗಿ ಓಡಿದ್ದರೆ, ಅಥವಾ ಈಗ ನಮ್ಮ ಡೆಕ್ ಜೋರಾಗಿ ಓಡಿಸಿದರೆ, ಶ್ರುತಿ ಮೇಲೇರುತ್ತೆ. ಶೇ. 6ರಷ್ಟು ವ್ಯತ್ಯಾಸ ಬಂದರೆ ಹಾರ್ಮೋನಿಯಂನಲ್ಲಿ ಒಂದು ಮನೆಯಷ್ಟು ಏರಿಳಿತ.

ಎಷ್ಟು ಏರಿದೆ ಅಂತ ತಿಳಿಯೋಕೆ ನಾವು ಕರೆಂಟಿನ ಗುಂಯ್ ಸದ್ದು ಹಿಡಿದೆವು. ಸ್ಪೆಕ್ಟ್ರಮ್‌ನಲ್ಲಿ ಎರಡು ಗೆರೆ ಕಂಡವು. 50 ಹರ್ಟ್ಸ್ ಹತ್ತಿರದ್ದು ನಮ್ಮ ಡೆಕ್ಕಿನದೇ. ಇನ್ನೊಂದು 51.5. ಅದು 1995ರ ಆ ಸಂಜೆ ಟೇಪಿಗೆ ಸೇರಿದ್ದು. 51.5 ಭಾಗಿಸು 50 ಅಂದರೆ 1.03. ಸರಿ, ಶೇ. 3 ಇಳಿಸಿದೆವು. ಅಕ್ಕ ಕೇಳಿ, "ಹತ್ರ ಬಂತು, ಆದ್ರೂ ಅಪ್ಪ ಅಲ್ಲ" ಅಂದರು.

ನಮಗೆ ಸ್ವಲ್ಪ ಸಿಟ್ಟೇ ಬಂತು, ಲೆಕ್ಕ ಸರಿ ಇದೆಯಲ್ಲ ಅಂತ. ಆಗ ಅಕ್ಕ ಒಳಗಿನಿಂದ ಹಾರ್ಮೋನಿಯಂ ತಂದಿಟ್ಟರು. ಟೇಪಿನಲ್ಲಿರೋದು ಅದೇ ಪೆಟ್ಟಿಗೆ. "ಅಪ್ಪ ಯಾವಾಗ್ಲೂ ಕರಿ ಒಂದು" ಅಂದರು. ಆ ಮನೆ ಒತ್ತಿ ಅಳೆದರೆ 277 ಹರ್ಟ್ಸ್. ಮೂಲ ಟೇಪಿನಲ್ಲಿ ಹಾಡು ಶುರುವಾಗೋ ಮುಂಚೆ ಅವರು ಹಿಡಿದ ಶ್ರುತಿ 293.5. ಭಾಗಿಸಿದರೆ 1.0596, ಸರಿಯಾಗಿ ಒಂದು ಮನೆ. ಅಕ್ಕನ ಕಿವಿಯೇ ಸರಿ.

ಹಾಗಾದರೆ ನಮ್ಮ ಲೆಕ್ಕ ಎಲ್ಲಿ ತಪ್ಪಿತು? ಕರೆಂಟ್ 50 ಹರ್ಟ್ಸ್ ಇತ್ತು ಅಂತ ನಂಬಿದ್ದೇ ತಪ್ಪು. 51.5 ಅನ್ನು 1.0596ರಿಂದ ಭಾಗಿಸಿ: 48.6. 90ರ ದಶಕದಲ್ಲಿ ಬೇಡಿಕೆಯಷ್ಟು ವಿದ್ಯುತ್ ಇಲ್ಲದೆ ದಕ್ಷಿಣದ ಗ್ರಿಡ್ ಫ್ರೀಕ್ವೆನ್ಸಿ ಹೀಗೆ ಕುಸಿಯುತ್ತಿತ್ತು. 2003ರಲ್ಲಿ ಇಲ್ಲಿ ಅವೇಲಬಿಲಿಟಿ ಬೇಸ್ಡ್ ಟ್ಯಾರಿಫ್ ಜಾರಿಗೆ ಬಂದ ಮೇಲೆ ಸ್ಥಿತಿ ಸುಧಾರಿಸಿತು. ಪವರ್ ಸಿಸ್ಟಮ್ಸ್ ಪಾಠದಲ್ಲಿ ಪರೀಕ್ಷೆಗೆ ಅಂತ ಓದಿದ್ದು ಇಲ್ಲಿ ಎದುರಿಗೆ ಬಂದು ನಿಂತಿತ್ತು.

ಸರಿಪಡಿಸಿ ಮತ್ತೆ ಹಾಕಿದೆವು. ಈ ಸಲ ಅಕ್ಕ ನಿಲ್ಲಿಸಿ ಅನ್ನಲಿಲ್ಲ. ಐದೂ ಹಾಡು ಮುಗಿಯುವವರೆಗೆ ಕೂತಿದ್ದರು. ಆಮೇಲೆ ತಬಲದವರ ಹೆಸರು, ಕೀಬೋರ್ಡಿನವರ ಹೆಸರು ತಾವೇ ಬರೆಸಿದರು. ನಾಲ್ಕನೆಯವರು ಯಾರು ಅಂತ ಇನ್ನೂ ವಿಚಾರಿಸ್ತಾ ಇದ್ದೇವೆ.

ನೀವು ಹುಡುಕುವುದಾದರೆ

1. ಸಿಕ್ಕ ಕೂಡಲೇ ಅಪ್‌ಲೋಡ್ ಮಾಡಬೇಡಿ. ನಮ್ಮ ಕಾನೂನಿನಲ್ಲಿ ಹಾಡು ಬರೆದವರ ಹಕ್ಕು ಅವರು ತೀರಿಕೊಂಡ ಮೇಲೂ 60 ವರ್ಷ ಇರುತ್ತೆ. ಮನೆಯವರನ್ನು ಕೇಳಿ. ನಾವೂ ಈ ಹಾಡುಗಳನ್ನು ಎಲ್ಲೂ ಹಾಕಿಲ್ಲ. ಪೆನ್‌ಡ್ರೈವ್ ಅಕ್ಕನ ಹತ್ತಿರ ಇದೆ.
2. ಮೂಲ ಫೈಲನ್ನು ಹಾಗೇ ಉಳಿಸಿ. ತಿದ್ದುವುದೆಲ್ಲ ಅದರ ಪ್ರತಿಯಲ್ಲಿ.
3. ವೇಗಕ್ಕೆ ಕನಿಷ್ಠ ಎರಡು ಸಾಕ್ಷಿ ಹುಡುಕಿ. ಹಾಡಿದವರನ್ನು ಬಲ್ಲವರ ಕಿವಿ ಅದರಲ್ಲೊಂದು.
4. ಹೊಸ ಹಾಡು ಬಿಡುಗಡೆ ಮಾಡುವ ಗೆಳೆಯರೇ, ಪ್ರತಿ ಟ್ರ್ಯಾಕಿಗೆ 12 ಅಕ್ಷರ-ಅಂಕಿಗಳ ಐಎಸ್‌ಆರ್‌ಸಿ ಸಂಕೇತ ಸಿಗುತ್ತೆ, ಅಷ್ಟಕ್ಕೇ ಬಿಡಬೇಡಿ. ಬರೆದವರು, ಹಾಡಿದವರು, ನುಡಿಸಿದವರು, ಊರು, ತಾರೀಕು, ಎಲ್ಲವನ್ನೂ ಕನ್ನಡ ಲಿಪಿಯಲ್ಲೂ ರೋಮನ್ ಲಿಪಿಯಲ್ಲೂ ಹಾಕಿ.

ಇದಕ್ಕೆ ಐದು ನಿಮಿಷ ಸಾಕು. ಹನಗೋಡಿನ ಆ ನಾಲ್ವರು ಅವತ್ತು ಹಾಡು ಮುಗಿಸಿ ಆ ಐದು ನಿಮಿಷ ಕೂತಿದ್ದರೆ, ನಾವು ಇವತ್ತು ನಾಲ್ಕನೆಯವರ ಹೆಸರಿಗಾಗಿ ಮನೆಮನೆ ತಿರುಗಬೇಕಿರಲಿಲ್ಲ. ನಿಮ್ಮ ಮನೆ ಅಟ್ಟದಲ್ಲೂ ಇಂಥದ್ದೊಂದು ಇರಬಹುದು. ಈ ರಜೆಯಲ್ಲಿ ಒಮ್ಮೆ ಹತ್ತಿ ನೋಡಿ.