ಏಳು ಲಕ್ಷದ ಹಲ್

ದುಬೈನಲ್ಲಿರುವ ಅಕ್ಕನ ಮಗ ಫೋನ್ ಮಾಡಿ, "ಮಾಮಾ, ಚೀಟಿ ಎತ್ತಿದ್ರಂತಲ್ಲ, ಅದರಲ್ಲಿ 7 ಲಕ್ಷ ಕೊಡ್ತೀರಾ? ಒಂದು ಹಲ್ ತಗೋಬೇಕು" ಅಂದ. ನನಗೆ ಕೇಳಿಸಿದ್ದು ಹಲ್ಲು. ಏಳು ಲಕ್ಷದ ಹಲ್ಲು ಯಾರ ಬಾಯಿಗಪ್ಪಾ ಎಂದು ಗಾಬರಿಯಾಯಿತು.

ಆಮೇಲೆ ವಾಟ್ಸಾಪಿನಲ್ಲಿ ಚಿತ್ರ ಬಂತು. ಹಲ್ ಅಂದರೆ ನೀರಿನ ಮೇಲೆ ನಿಂತುಕೊಂಡು ಓಡಿಸುವ ಜೆಟ್ ಸ್ಕೀಯ ಖಾಲಿ ತೊಟ್ಟಿ. ಇಂಜಿನ್ ಇಲ್ಲ, ಪಂಪ್ ಇಲ್ಲ, ಹಿಡಿ ಕೂಡ ಇಲ್ಲ. ಮಲ್ಪೆ ಕಡಲಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಸುತ್ತುವ ಯಂತ್ರ ಬೇರೆ. ಕವಾಸಾಕಿ 1973ರಲ್ಲಿ 'ಜೆಟ್ ಸ್ಕೀ' ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದದ್ದು ಈ ನಿಲ್ಲುವ ಜಾತಿ. ಇದನ್ನು ಕಲ್ಪಿಸಿದ ಅಮೆರಿಕದ ಕ್ಲೇಟನ್ ಜೇಕಬ್‌ಸನ್ ಮೊದಲು ಮಣ್ಣಿನ ದಾರಿಯಲ್ಲಿ ಬೈಕ್ ಓಡಿಸಿ ಬೀಳುತ್ತಿದ್ದವನು. ನೀರಿಗೆ ಬಿದ್ದರೆ ಅಷ್ಟು ನೋವಾಗಲ್ಲ ಅನ್ನಿಸಿತಂತೆ.

ಶಿಡ್ಲಘಟ್ಟದಲ್ಲಿ ಕೂತ ನನಗೂ ಇದಕ್ಕೂ ಏನು ನಂಟು? ವರ್ಷವಿಡೀ ಹರಿಯುವ ಒಂದು ಹೊಳೆ ಇಲ್ಲದ ಜಿಲ್ಲೆ ನಮ್ಮದು. ಬೆಂಗಳೂರಿನ ಚರಂಡಿ ನೀರನ್ನು ಶುದ್ಧೀಕರಿಸಿ ಎಚ್.ಎನ್. ವ್ಯಾಲಿ ಕೊಳವೆಯಲ್ಲಿ ಬಿಟ್ಟ ಮೇಲೆ ಚಿಕ್ಕಬಳ್ಳಾಪುರದ ಕಂದವಾರ ಕೆರೆ ತುಂಬಿದ್ದನ್ನು ನಾವು ಗಾಡಿ ನಿಲ್ಲಿಸಿ ನೋಡುವವರು. ಆದರೆ ಕೇಳಿದ್ದು ದುಡ್ಡು. ದುಡ್ಡಿಗೆ ಕಡಲಾದರೇನು, ಕೆರೆಯಾದರೇನು.

ಎರಡು ಸಂಜೆ ಅವನಿಂದಲೇ ಪಾಠ ಹೇಳಿಸಿಕೊಂಡೆ. ಅಲೆ ಹತ್ತುವ ಸವಾರಿಗೂ ಅಲೆಯಿಲ್ಲದ ನೀರಿನಲ್ಲಿ ಪಲ್ಟಿ ಹೊಡೆಯುವ ಸವಾರಿಗೂ ಬೇಕಾದ ತೊಟ್ಟಿ ಒಂದೇ ಅಲ್ಲ. ಪಲ್ಟಿಯದು ಗಿಡ್ಡ, ಹಗುರ, ಮೂತಿ ಮೇಲಕ್ಕೆ ಬಾಗಿರುತ್ತದೆ, ಕಾರ್ಬನ್ ನಾರಿನದು. ಸಪಾಟು ನೀರಿನಿಂದ ಅದನ್ನು ಎಗರಿಸಬೇಕಾದರೆ ದೊಡ್ಡ ಇಂಜಿನ್ನೇ ಬೇಕು. ಆ ಇಂಜಿನ್ನಿಗೆ ಮತ್ತೆ ದೊಡ್ಡ ದುಡ್ಡು. ಅಲೆ ಸವಾರಿಗೆ ಅಲೆಯೇ ಮೆಟ್ಟಿಲಾಗುತ್ತದೆ, ಸಾಧಾರಣ ಇಂಜಿನ್ ಸಾಕು. ಆದರೆ ತೊಟ್ಟಿಯಲ್ಲಿ ಸ್ವಲ್ಪ ಉದ್ದ, ಒಂದಿಷ್ಟು ತೇಲುವ ಗುಣ ಇರಬೇಕು. ಇಲ್ಲದಿದ್ದರೆ ಆಕ್ಸಿಲರೇಟರ್ ಬಿಟ್ಟ ಕೂಡಲೇ ಮುಳುಗಿ ಕೂರುತ್ತದೆ.

ಕಂಪನಿ ಯಂತ್ರಗಳಲ್ಲಿ ಯಮಹಾದ ಹಳೆಯ ಎರಡು ಸ್ಟ್ರೋಕ್ ಸೂಪರ್‌ಜೆಟ್ 701 ಸಿಸಿ, ಒಣ ತೂಕ ಸುಮಾರು 139 ಕೆಜಿ. 2021ರಲ್ಲಿ ಬಂದ ನಾಲ್ಕು ಸ್ಟ್ರೋಕಿನದು 170 ಕೆಜಿ. ಕವಾಸಾಕಿಯ 1,498 ಸಿಸಿ ಎಸ್ಎಕ್ಸ್-ಆರ್ ಇಂಧನ ಸೇರಿ 250 ಕೆಜಿ; ನೇರ ಓಟಕ್ಕೆ ಸರಿ, ಅಲೆಯಲ್ಲಿ ಅದನ್ನು ಎತ್ತಿ ಆಡಿಸಲು ಕುಸ್ತಿಪಟುವೇ ಬೇಕು. ನಮ್ಮ ಹುಡುಗ 62 ಕೆಜಿ. ವಾರಕ್ಕೊಂದು ರಜೆ, ಗಾಳಿ ಎದ್ದಾಗ ಮಾತ್ರ ಅಲೆ. ಇವನಿಗೆ ಕಾರ್ಬನ್ ತೊಟ್ಟಿಯ ಆಸೆ.

ಅವನ ಆಸೆ ಕೇಳಿ ನನ್ನದೇ ಹಳೆಯ ಪೆಟ್ಟು ನೆನಪಾಯಿತು. ರೇಷ್ಮೆ ಬಿಚ್ಚುವ ಮನೆಯವರು ನಾವು. ನನಗೆ 22 ವರ್ಷವಾಗಿದ್ದಾಗ ಅಪ್ಪ ನನ್ನೊಬ್ಬನನ್ನೇ ಗೂಡು ಮಾರುಕಟ್ಟೆಗೆ ಕಳಿಸಿದ್ದರು. ಅಕ್ಟೋಬರ್ ಮಳೆ. ದಪ್ಪ ದಪ್ಪ ಗೂಡು, ಪಕ್ಕದ ಲಾಟಿಗಿಂತ ಅಗ್ಗ. ಕಿವಿ ಹತ್ತಿರ ಅಲ್ಲಾಡಿಸಿ ನೋಡುವುದನ್ನೂ ಮರೆತು ಹರಾಜು ಕೂಗಿಬಿಟ್ಟೆ. ತೇವ ಕುಡಿದ ಗೂಡು. ಒಂದು ಕೆಜಿ ರೇಷ್ಮೆಗೆ ಎಷ್ಟು ಕೆಜಿ ಗೂಡು ಬೇಕು ಅನ್ನುವ ಲೆಕ್ಕಕ್ಕೆ ನಮ್ಮಲ್ಲಿ ರೆಂಡಿಟ್ಟಾ ಅಂತಾರೆ. ಏಳಕ್ಕೆ ನಿಲ್ಲಬೇಕಾದ ರೆಂಡಿಟ್ಟಾ ಒಂಬತ್ತೂವರೆಗೆ ಹೋಯಿತು. 100 ಕೆಜಿ ಗೂಡಿಗೆ 14 ಕೆಜಿ ಸಿಗಬೇಕಿತ್ತು, ಸಿಕ್ಕಿದ್ದು ಹತ್ತೂವರೆ. ಅಪ್ಪ ಬೈಯಲಿಲ್ಲ. ನೂಲನ್ನು ತಕ್ಕಡಿಯಲ್ಲಿಟ್ಟು, ಮುಳ್ಳು ನಿಲ್ಲುವವರೆಗೂ ನನ್ನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡರು.

ಹುಡುಗನಿಗೂ ಅದೇ ಲೆಕ್ಕ ಹಾಕಿಸಿದೆ. ಗೂಡಿನ ಜಾಗದಲ್ಲಿ ರೂಪಾಯಿ, ರೇಷ್ಮೆಯ ಜಾಗದಲ್ಲಿ ನೀರ ಮೇಲೆ ನಿಂತ ಗಂಟೆ. ಕಾರ್ಬನ್ ತೊಟ್ಟಿ 7 ಲಕ್ಷ, ಇಂಜಿನ್, ಪಂಪು, ಕೆಲಸದ ಕೂಲಿ ಸೇರಿ ಇನ್ನೊಂದು 7. ಮಾರಲು ಹೋದರೆ ಬಿಡಿ ಬಿಡಿಯಾಗಿ 8 ಬಂದರೆ ಹೆಚ್ಚು. ಆರು ತಿಂಗಳಿಗೆ 26 ಗಂಟೆ ಸವಾರಿ ಎಂದುಕೊಂಡರೆ ಗಂಟೆಗೆ 23 ಸಾವಿರ. "ಊರಿಗೇ ತರ್ತೀನಿ ಮಾಮಾ" ಅಂದ. ಮೋಜಿನ ದೋಣಿಗಳಿಗೆ 2025ರ ಸೆಪ್ಟೆಂಬರ್ 22ರಿಂದ ಇಲ್ಲಿ ಜಿಎಸ್‌ಟಿಯೇ ಶೇ 40 ಕಣಪ್ಪಾ ಎಂದಾಗ ಆ ಮಾತು ನಿಂತಿತು.

ಕೊನೆಗೆ ಹಳೆಯ ಸೂಪರ್‌ಜೆಟ್ ಒಂದನ್ನು ಹುಡುಕಿದ. 4 ಲಕ್ಷ ಹೇಳಿದರು. ಬಣ್ಣ ಮಿರಮಿರ. ಚಿಂತಾಮಣಿಯಲ್ಲಿ ಟೆಂಪೊ ಬಾಡಿ ಕಟ್ಟುವ ಗೆಳೆಯನನ್ನು ಕೇಳಿದೆ. "ಫೈಬರ್ ಅಲ್ವಾ? ನಾಣ್ಯದಲ್ಲಿ ತಟ್ಟುತ್ತಾ ಹೋಗಲಿ. ಟಣ್ ಅಂದರೆ ಸರಿ, ದಬ್ ಅಂದ ಕಡೆ ಪದರ ಬಿಟ್ಟಿರುತ್ತೆ" ಅಂದ. ನಾನು ಸೇರಿಸಿದ್ದು ಒಂದೇ: ತೂಕ ಹಾಕಿಸು.

ಟ್ಯಾಂಕ್ ಬರಿದು ಮಾಡಿ ತೂಗಿಸಿದರೆ 168 ಕೆಜಿ! ಈ ಯಂತ್ರಗಳ ಒಳಗೆ ತೇಲಲೆಂದು ಫೋಮ್ ತುಂಬಿರುತ್ತಾರೆ. ವರ್ಷಗಟ್ಟಲೆ ನೀರು ಜಿನುಗಿ ಆ ಫೋಮ್ ಕುಡಿದು ಕೂತಿತ್ತು. ಮಾರುವವನು ಗೊಣಗುತ್ತಲೇ 60 ಸಾವಿರ ಬಿಟ್ಟ. ಹುಡುಗ ಫೋಮ್ ಕೆರೆದು ತೆಗೆದ ಚಿತ್ರ ಕಳಿಸಿದ. ಟಬ್ಬಿನ ತುಂಬ ಹಳದಿ ಮುದ್ದೆ, ಹಿಂಡಿದರೆ ಉಪ್ಪುನೀರು. ರಿಪೇರಿಗೆ 60 ಸಾವಿರ ಹೋಗಿ, ಒಟ್ಟು ಮತ್ತೆ 4 ಲಕ್ಷಕ್ಕೇ ಬಂತು. ಕೊಟ್ಟಿದ್ದು ನಾನು ಎರಡು, ಉಳಿದದ್ದು ಅವನ ಸಂಬಳ.

ಆರು ತಿಂಗಳಾಯಿತು. 24 ಗಂಟೆ ಓಡಿಸಿದ್ದಾನೆ, ಪೆಟ್ರೋಲಿಗೂ ಆಯಿಲಿಗೂ 40 ಸಾವಿರ. ಇವತ್ತು ಮಾರಿದರೆ 3 ಲಕ್ಷ ಬರುತ್ತದಂತೆ. ಗಂಟೆಗೆ 6 ಸಾವಿರದ ಹತ್ತಿರ ಬೀಳುತ್ತಿದೆ. ನನಗದು ಈಗಲೂ ದುಬಾರಿಯೇ. ಅವನ ಮುಖ ನೋಡಿದರೆ ಅಗ್ಗ ಅನ್ನಿಸುತ್ತದೆ.

ಹೋದ ಭಾನುವಾರ ಮತ್ತೆ ಫೋನ್. ಅವನು ಬಿಟ್ಟ ಅದೇ ಕಾರ್ಬನ್ ತೊಟ್ಟಿಯನ್ನು ಬೇರೆ ಯಾರೋ ಕೊಂಡು, ಇಂಜಿನ್ ಕೂರಿಸಲು ದುಡ್ಡು ಸಾಲದೆ ಹಾಗೇ ಮಾರಾಟಕ್ಕಿಟ್ಟಿದ್ದಾರಂತೆ. ನಾಲ್ಕೂವರೆ ಲಕ್ಷಕ್ಕೆ. "ಮಾಮಾ..." ಅಂದ. ಫೋನನ್ನು ಅಕ್ಕನ ಕೈಗೆ ಕೊಟ್ಟೆ.